ತಲೆ ಅವರದು, ತವರು ನನ್ನದು

ಸೈಕಲ್ ಹತ್ತುವವನ ತಲೆಯ ಮೇಲೆ ಏನಾದರೂ ಇರಬೇಕೋ ಬೇಡವೋ ಎಂದು ಈಗಿನವರು ವಾದ ಮಾಡುವುದನ್ನು ಕೇಳಿದರೆ ನನಗೆ ನಗು ಬರುತ್ತದೆ. ವಾದ ಮಾಡುವವರೆಲ್ಲ ಗಂಡಸರು. ಅವರವರ ತಲೆಯ ಬಗ್ಗೆ ಅವರವರೇ ಮಾತಾಡಿಕೊಳ್ಳುತ್ತಾರೆ. ಆ ತಲೆ ಒಡೆದರೆ ಅರಿಸಿನ ಮೆತ್ತುವವಳನ್ನು ಯಾರೂ ಕೇಳುವುದಿಲ್ಲ. ಈ ಒಂದು ವಾದಕ್ಕಾಗಿ ನಾನು ಎರಡು ವರ್ಷ ತವರುಮನೆ ಕಳೆದುಕೊಂಡಿದ್ದೆ. ಆದ್ದರಿಂದ ನನ್ನದೂ ಒಂದು ಮಾತಿದೆ. ಯಾರೂ ಕೇಳದಿದ್ದರೂ ಹೇಳುತ್ತೇನೆ.

ನನ್ನ ತವರು ಅಕ್ಕಲಕೋಟ ರಸ್ತೆ ಬಿಟ್ಟು ಒಳಗೆ, ಒಂದು ಹಳ್ಳ ದಾಟಿ ಹೋಗಬೇಕಾದ ಸಣ್ಣ ಊರು. ಹೊಲ ಸ್ವಲ್ಪ, ಕುರಿ ಬಹಳ. ಅಪ್ಪನ ತಲೆಯ ಮೇಲೆ ಒಂದು ದೊಡ್ಡ ರುಮಾಲು. ಅದನ್ನು ಅವನು ಶೋಕಿಗೆ ಸುತ್ತಿಕೊಂಡವನಲ್ಲ. ಬಾವಿಯ ಹಗ್ಗ ಕಡಿಮೆಯಾದರೆ ರುಮಾಲು ಬಿಚ್ಚಿ ಕೊಡಕ್ಕೆ ಕಟ್ಟುತ್ತಿದ್ದ. ಹುಟ್ಟಿದ ಮರಿಯನ್ನು ಅದರಲ್ಲೇ ಸುತ್ತಿ ತರುತ್ತಿದ್ದ. ಮಲಗಿದರೆ ಅದೇ ತಲೆದಿಂಬು. ಒಮ್ಮೆ ಮೇವಿನ ಜಗಳದಲ್ಲಿ ಯಾರೋ ಹಿಂದಿನಿಂದ ಬಡಿಗೆ ಬೀಸಿದಾಗ ಏಟು ಸರಿಯಾಗಿ ನೆತ್ತಿಯ ಮೇಲೆ ಬಿದ್ದಿತ್ತು. ಅಪ್ಪ ತಲೆ ಕೊಡವಿ, ಹೊಡೆದವನ ಕಡೆ ತಿರುಗಿ, "ಇಷ್ಟೇ ಏನು?" ಎಂದನಂತೆ. ಸುತ್ತಿನ ಮೇಲೆ ಸುತ್ತು ಹಾಕಿದ ಬಟ್ಟೆಯೊಳಗೆ ಬುರುಡೆ ಕ್ಷೇಮವಾಗಿತ್ತು. ಯಾರಾದರೂ ರುಮಾಲು ಭಾರವೆಂದರೆ ಅವನಿಗೆ ಸಿಟ್ಟು. "ಹುಲಜಂತಿ ಜಾತ್ರ್ಯಾಗ ದೇವರ ಗುಡಿ ಶಿಖರಕ್ಕೇ ಮುಂಡಾಸ ಸುತ್ತತಾರ. ನಿಂದೇನ ಅದಕಿಂತ ದೊಡ್ಡ ತಲಿ?" ಎನ್ನುತ್ತಿದ್ದ.

ಇನ್ನೊಂದು ರೂಢಿ ಹೇಳಬೇಕು, ಅದಿಲ್ಲದೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆ ಗಂಡಸು ಬರಿದಲೆಯಲ್ಲಿ ದಾರಿ ತುಳಿದ ಎಂದರೆ ಅವನ ಮನೆಯಲ್ಲಿ ಹೆಣ ಬಿದ್ದಿದೆ ಎಂದೇ ಅರ್ಥ. ಸಾವಿನ ಸುದ್ದಿ ಒಯ್ಯುವವನು ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದ. ಅವನು ಬಾಯಿ ತೆರೆಯುವ ಮೊದಲೇ ನೋಡಿದವರು ಅಳಲು ಶುರು ಮಾಡುತ್ತಿದ್ದರು.

ನನ್ನ ಗಂಡನಿಗೆ ಈ ರೂಢಿ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅವರು ಬೆಳೆದದ್ದು ಸೊಲ್ಲಾಪುರದಲ್ಲಿ, ಗಿರಣಿಯ ಭೋಂಗಾದ ಕೂಗು ಕೇಳಿ ಏಳುವ ಓಣಿಯಲ್ಲಿ. ಅವರ ಅಪ್ಪ ಊರು ಬಿಟ್ಟು ಗಿರಣಿಗೆ ಬಂದು, ಮಗನಿಗೂ ಮಗ್ಗದ ಖಾತೆಯಲ್ಲಿ ಕೆಲಸ ಹಚ್ಚಿ ತೀರಿಕೊಂಡಿದ್ದರು. ನಮ್ಮ ಅತ್ತೆ ದಿನವಿಡೀ ಬೀಡಿ ಕಟ್ಟುತ್ತಿದ್ದರು. ಮದುವೆಯ ದಿನ ನನ್ನ ಗಂಡನ ತಲೆಯ ಮೇಲೆ ರುಮಾಲು, ಬಾಸಿಂಗ ಎಲ್ಲ ಇತ್ತು. ಆಮೇಲೆ ಒಂದು ಸೈಕಲ್ ಬಂತು. ಸೈಕಲ್ಲಿನ ಹಿಂದೆ ಕ್ರಾಪು ಬಂತು, ಕ್ರಾಪಿನ ಹಿಂದೆ ಜೇಬಿಗೊಂದು ಬಾಚಣಿಕೆ ಬಂತು, ರುಮಾಲು ಟ್ರಂಕು ಸೇರಿತು.

ಅವರನ್ನು ಕೆಟ್ಟವರೆಂದು ತಿಳಿಯಬೇಡಿ. ನನಗೆ ಅಕ್ಷರ ಕಲಿಸಿದವರು ಅವರು. ಸೈಕಲ್ ಕಲಿಸಿದವರೂ ಅವರೇ. ಓಣಿ ಏಳುವ ಮೊದಲು ಗಿರಣಿಯ ಹಿಂದಿನ ಬಯಲಿಗೆ ಕರೆದೊಯ್ದು, ಸೀಟು ಹಿಡಿದುಕೊಂಡು ಹಿಂದೆ ಓಡಿ ಬರುತ್ತಿದ್ದರು. ಕಚ್ಚೆ ಹಾಕಿ ಉಟ್ಟ ಸೀರೆ ಗಂಡಸರ ಸೈಕಲ್ಲಿಗೂ ಅಡ್ಡಿಯಾಗುವುದಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದರೆ ಆಯಿತು. "ಹೆಣ್ಣಮಕ್ಕಳು ಸೈಕಲ್ ಹೊಡದ್ರ ಆಕಾಶ ಕೆಳಗ ಬೀಳತದಂತ, ನೋಡೋಣ ಬೀಳತದೇನು" ಎಂದು ನಗುತ್ತಿದ್ದರು. ಬಿದ್ದದ್ದು ಆಕಾಶವಲ್ಲ, ನಾನು, ಅದೂ ಬಹಳ ಸಲ. ಮೊಣಕಾಲಿನ ಗುರುತು ಇನ್ನೂ ಇದೆ.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ಪದ್ಧತಿ. ಅವರು ಒಪ್ಪಲಿಲ್ಲ. ಸೊಲ್ಲಾಪುರದಲ್ಲಿ ದವಾಖಾನೆ ಇದೆ, ಹಳ್ಳಿಯ ಕತ್ತಲೆ ಕೋಣೆಯಲ್ಲಿ ಯಾಕೆ ಎಂದರು. ಅಪ್ಪನಿಗೆ ಅದೊಂದು ಮುಳ್ಳು ಮೊದಲೇ ಚುಚ್ಚಿತ್ತು. ದವಾಖಾನೆಯಲ್ಲಿ ನನಗೆ ಮಗಳು ಹುಟ್ಟಿದಳು. ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ಪಾಳಿ ಬಿಟ್ಟು, ಹೊಸ ಬಟ್ಟೆಯಲ್ಲಿ ಸಕ್ಕರೆ ಕಟ್ಟಿ, ಅದನ್ನು ಹ್ಯಾಂಡಲಿಗೆ ಜೋತು ಹಾಕಿಕೊಂಡು ಸೀದಾ ನನ್ನ ತವರಿನ ದಾರಿ ಹಿಡಿದರು. ಸೈಕಲ್ ಬಂದ ಮೇಲೆ ಅವರು ಆ ಊರಿಗೆ ಹೊರಟದ್ದು ಅದೇ ಮೊದಲು. ತಲೆಯ ಮೇಲೆ ಏನೂ ಇರಲಿಲ್ಲ.

ಹಳ್ಳದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಅವರನ್ನು ದೂರದಿಂದಲೇ ಕಂಡರು. ಅಳಿಯ ಬರುತ್ತಿದ್ದಾನೆ, ಓಡೋಡಿ ಬರುತ್ತಿದ್ದಾನೆ, ತಲೆ ಬರಿದಾಗಿದೆ. ಮಗಳು ತುಂಬಿದ ಬಸುರಿ ಎಂದು ಊರಿಗೆಲ್ಲ ಗೊತ್ತಿತ್ತು. ಇನ್ನೇನು ತಿಳಿಯಬೇಕು? ಅವರು ಸೈಕಲ್ ಹೊತ್ತು ಹಳ್ಳದ ಮರಳು ದಾಟುವುದರೊಳಗೆ ಒಬ್ಬಳು ಕಾಲುದಾರಿಯಲ್ಲಿ ಓಡಿಹೋಗಿ ನಮ್ಮ ಅವ್ವನ ಮುಂದೆ ಎದೆ ಬಡಿದುಕೊಂಡಳು. ಇನ್ನೊಬ್ಬರು ಕುರಿ ಮೇಯಿಸುತ್ತಿದ್ದ ಅಪ್ಪನಿಗೆ ಹೇಳಲು ಗುಡ್ಡಕ್ಕೆ ಹೋದರು.

ಇವರು ಮನೆ ಮುಟ್ಟಿದಾಗ ಅವ್ವ ಅಂಗಳದಲ್ಲಿ ಹೊರಳಾಡಿ ಅಳುತ್ತಿದ್ದಳು, ಸುತ್ತ ಹೆಂಗಸರು. ಅಪ್ಪ ಎಲ್ಲೂ ಕಾಣಲಿಲ್ಲ. ಇವರು ಏನು ತಿಳಿದರು? ಮಾವ ಸತ್ತಿದ್ದಾನೆ ಎಂದು ತಿಳಿದರು! ಸಾವಿನ ಮನೆಯಲ್ಲಿ ಸಕ್ಕರೆ ಹಂಚುವುದು ಹೇಗೆ ಎಂದು ಗಂಟನ್ನು ಹಿಂದೆ ಬಚ್ಚಿಟ್ಟುಕೊಂಡು, ತಲೆ ತಗ್ಗಿಸಿ, ಒಂದು ಮೂಲೆಯಲ್ಲಿ ಕೂತರು. ಅವರು ತಲೆ ತಗ್ಗಿಸಿದ್ದನ್ನು ನೋಡಿ ಹೆಂಗಸರ ಅಳು ಇಮ್ಮಡಿಯಾಯಿತು.

ಒಬ್ಬ ಮುದುಕಿ ಹತ್ತಿರ ಬಂದು ಕೇಳಿದಳು, "ಕೂಸರೆ ಉಳದದೇನೋ ಯಪ್ಪಾ?"

"ಉಳದದ," ಎಂದರು ಇವರು. "ಹೆಣ್ಣು."

"ತಾಯಿಲ್ಲದ ಹೆಣ್ಣಕೂಸ ಆತಲ್ಲವ್ವೋ!" ಎಂದು ಅವ್ವ ಮತ್ತೆ ಬೋರ್ಗರೆದಳು. ಆ ಗದ್ದಲದಲ್ಲಿ ಇವರಿಗೆ 'ಹೆಣ್ಣು' ಎಂಬುದಷ್ಟೇ ಕಿವಿಗೆ ಬಿತ್ತು. ಹೆಣ್ಣು ಹುಟ್ಟಿದ್ದಕ್ಕೂ ಅಳುತ್ತಿದ್ದಾರೆ ಎಂದುಕೊಂಡು ಇವರಿಗೆ ಸಿಟ್ಟೇರಿತು. "ಹೆಣ್ಣಾದ್ರ ಏನಾತು? ನನಗ ಸಂತೋಷಾಗ್ಯದ!" ಎಂದು ಗದರಿದರು. ಹೆಂಡತಿ ಸತ್ತ ದಿನ ಸಂತೋಷವಾಗಿದೆ ಎನ್ನುವ ಗಂಡನನ್ನು ಆ ಊರು ಅದುವರೆಗೆ ಕಂಡಿರಲಿಲ್ಲ.

ಅಷ್ಟರಲ್ಲಿ ಸತ್ತ ಮಾವ ಗುಡ್ಡ ಇಳಿದು ಎದುರಿಗೆ ಬಂದು ನಿಂತ. ಅವನ ರುಮಾಲು ಬಿಚ್ಚಿ ಹೆಗಲ ಮೇಲೆ ಬಿದ್ದಿತ್ತು. ಬರಿದಲೆಯ ಇಬ್ಬರು ಗಂಡಸರು ಒಬ್ಬರನ್ನೊಬ್ಬರು ಬಾಯಿ ತೆರೆದು ನೋಡಿದರಂತೆ.

ನಿಜ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೆಂಗಸರು ಕಣ್ಣೊರೆಸಿಕೊಂಡು ನಗತೊಡಗಿದರು. ಸೊಲ್ಲಾಪುರದಲ್ಲಿ ನಾನು ಹಾಸಿಗೆಯಲ್ಲಿ ಕೂತು ಬಾಣಂತಿಗೆ ಕೊಡುವ ಅಳವಿಯ ಗಂಜಿ ಕುಡಿಯುತ್ತಿದ್ದೆ, ಇಲ್ಲಿ ನನ್ನ ಸಾವು ಮುಗಿದುಹೋಗಿತ್ತು. ತನ್ನ ಸಾವಿಗೆ ಯಾರು ಅತ್ತರು, ಯಾರು ಅಳಲಿಲ್ಲ ಎಂದು ಬದುಕಿದ್ದೇ ತಿಳಿಯುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಚಿಕ್ಕವ್ವ ಕಣ್ಣಲ್ಲಿ ಒಂದು ಹನಿಯಿಲ್ಲದೆ, ನನ್ನ ಕಾಲುಂಗುರ ಯಾರ ಹತ್ತಿರ ಇವೆ ಎಂದು ಕೇಳಿದಳಂತೆ. ಅದನ್ನು ನಾನು ಇನ್ನೂ ಮರೆತಿಲ್ಲ.

ನಗದೇ ಇದ್ದವನು ಅಪ್ಪ ಒಬ್ಬನೇ. ಈಗ ಯೋಚಿಸಿದರೆ ಅವನ ಸಂಕಟ ನನಗೆ ಅರ್ಥವಾಗುತ್ತದೆ. ಬದುಕಿರುವ ಮಗಳಿಗಾಗಿ ಅವನು ತಲೆ ಬಿಚ್ಚಿಬಿಟ್ಟಿದ್ದ. ಅದಕ್ಕಿಂತ ದೊಡ್ಡ ಅಪಶಕುನ ಅವನ ಲೋಕದಲ್ಲಿ ಇರಲಿಲ್ಲ. ರುಮಾಲನ್ನು ಮತ್ತೆ ಸುತ್ತಿಕೊಂಡು ಅಳಿಯನಿಗೆ ಹೇಳಿದ:

"ಜೀವಂತ ಮಗಳಿಗೆ ನನ್ನ ಕೈಲೆ ತಲಿ ಬಿಚ್ಚಿಸಿದಿ. ಇನ್ನ ಬರೇ ತಲಿಲೆ ಈ ಹೊಸ್ತಿಲಾ ತುಳೀಬ್ಯಾಡ. ತಲಿಗೆ ಸುತ್ತಿದ ದಿನ ಬಾ."

"ನಾ ಇರೂದ ಹಿಂಗ್ರಿ," ಎಂದರು ಇವರು. "ಹಿಂಗ ಬ್ಯಾಡಾದ್ರ ನಾನೂ ಬರೂದಿಲ್ಲ, ನಿಮ್ಮ ಮಗಳೂ ಬರೂದಿಲ್ಲ."

ಸಕ್ಕರೆಯ ಗಂಟನ್ನು ಕಟ್ಟೆಯ ಮೇಲೆ ಇಟ್ಟು ಹೊರಟರು. ಮೋರೆ ಕೆಂಪಗೆ ಮಾಡಿಕೊಂಡು ಸೈಕಲ್ ಹೊಡೆದರೆ ಏನಾಗಬೇಕೋ ಅದೇ ಆಯಿತು. ಅಕ್ಕಲಕೋಟ ರಸ್ತೆಯ ಇಳಿಜಾರಿನಲ್ಲಿ ಕಲ್ಲಿಗೆ ಗಾಲಿ ತಗುಲಿ ಬಿದ್ದರು. ಯಾರೋ ಗಾಡಿಯವರು ಎತ್ತಿ ಹಾಕಿಕೊಂಡು ನಾನಿದ್ದ ದವಾಖಾನೆಗೇ ತಂದರು. ಕಿವಿಯ ಹಿಂದೆ ಹೊಲಿಗೆ ಹಾಕಿದರು. ಮಗಳನ್ನು ನೋಡಲು ಅವರು ನನ್ನ ಮಂಚದ ಹತ್ತಿರ ಬಂದಾಗ ಹಣೆಯಿಂದ ಕತ್ತಿನವರೆಗೆ ಬಿಳಿ ಪಟ್ಟಿ. ಅಪ್ಪ ಸುತ್ತಲಾರದ್ದನ್ನು ಡಾಕ್ಟರು ಸುತ್ತಿದ್ದರು.

ಅದನ್ನು ನೋಡಿ ನಾನು ನಗಲಿಲ್ಲ. ಪಟ್ಟಿಯ ಮೇಲೆ ರಕ್ತ ಇಷ್ಟಗಲ ಒಸರಿತ್ತು. ನನಗೆ ಹೆದರಿಕೆಯಾಯಿತು. ಊರವರು ನನ್ನನ್ನು ಸುಳ್ಳೇ ಸಾಯಿಸಿದ ದಿನ ಇವರು ನಿಜವಾಗಿ ಸಾಯಬಹುದಿತ್ತು. ಆ ಗಳಿಗೆಯಿಂದ ನನ್ನ ಮನಸ್ಸು ಗಟ್ಟಿಯಾಯಿತು. ಸೈಕಲ್ ಹತ್ತುವವನ ತಲೆಗೆ ದಪ್ಪ ಬಟ್ಟೆ ಬೇಕು. ಮರ್ಯಾದೆ, ರೂಢಿ ಎಲ್ಲ ಅಪ್ಪನ ಮಾತು. ನನಗೆ ಬುರುಡೆಯದೊಂದೇ ಚಿಂತೆ.

ಇದನ್ನು ಹೇಳಿದರೆ ಅವರು ಕೇಳಬೇಕಲ್ಲ! ರುಮಾಲು ಇದ್ದಿದ್ದರೆ ಅದರ ತುದಿ ಚೈನಿಗೆ ಸಿಕ್ಕು ಕುತ್ತಿಗೆಯೇ ಮುರಿಯುತ್ತಿತ್ತು ಎಂದರು. ರುಮಾಲು ಕಣ್ಣ ಮೇಲೆ ಜಾರುತ್ತದೆ ಎಂದರು. ಸೆಕೆ ಎಂದರು. ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ. ತುದಿಯನ್ನು ಒಳಗೆ ಸಿಗಿಸಬಹುದು. ನಾನು ಇಷ್ಟುದ್ದದ ಸೆರಗು ಸಿಗಿಸಿ ಸೈಕಲ್ ಹೊಡೆಯುವುದಿಲ್ಲವೇ? ಕೊನೆಗೆ ಅವರು ಒಳಗಿನ ಮಾತು ಹೊರಗೆ ಹಾಕಿದರು.

"ತಲಿ ಮ್ಯಾಲ ಏನರೆ ಇಟ್ಟಿ ಅಂದ್ರ ನೀ ಯಾರವ ಅಂತ ಊರಿಗೆಲ್ಲಾ ಡಂಗುರ ಸಾರಿದಂಗ. ಕರೀ ಟೋಪಿಗೆ ಒಂದು ಮಂದಿ, ಬಿಳೀ ಟೋಪಿಗೆ ಒಂದು ಮಂದಿ, ಕೆಂಪ ರುಮಾಲಕ ಒಂದು ಜಾತಿ, ಹ್ಯಾಟಿಗೆ ಸಾಹೇಬ. ನನಗ ಯಾರವನೂ ಆಗೂದ ಬ್ಯಾಡ. ನನ್ನ ತಲಿ ನಂದು."

ಅದು ಸುಮ್ಮನೆ ಆಡಿದ ಮಾತಲ್ಲ ಎಂದು ನನಗೂ ಗೊತ್ತು. ಬಿಳಿ ಗಾಂಧಿ ಟೋಪಿ ಇಟ್ಟವನ ಬೆನ್ನ ಮೇಲೆ ಲಾಠಿ ಬೀಳುತ್ತಿದ್ದ ದಿನಗಳನ್ನು ಸೊಲ್ಲಾಪುರದ ಓಣಿಗಳಲ್ಲಿ ನಾವೇ ನೋಡಿದ್ದೆವು. ತಲೆಯ ಮೇಲಿನ ಬಟ್ಟೆ ನೋಡಿ ಮನುಷ್ಯನನ್ನು ತೂಗುವವರ ಮೇಲೆ ಅವರಿಗಿದ್ದ ಸಿಟ್ಟು ನನಗೂ ಇತ್ತು. ಆದರೂ ಸುಮ್ಮನಿರಲು ನನ್ನ ನಾಲಗೆ ಬಿಡಲಿಲ್ಲ.

"ರಸ್ತಾದಾಗಿನ ಕಲ್ಲು ನೀವು ಯಾರವರು ಅಂತ ಕೇಳಿ ಹೊಡಿಯೂದಿಲ್ರಿ," ಎಂದೆ. "ಮತ್ತ ಇನ್ನೊಂದು ಮಾತು. ತಲಿ ನಿಮ್ದು, ಖರೆ. ತವರು ನಂದು. ನಿಮ್ಮ ತಲಿ ಸಲವಾಗಿ ನನ್ನ ತವರು ಯಾಕ ಬಂದ್ ಮಾಡತೀರಿ?"

ಉತ್ತರವಿಲ್ಲದ ಗಂಡಸು ಅಂಗಿ ಹಾಕಿಕೊಂಡು ಹೊರಗೆ ಹೋಗುತ್ತಾನೆ. ಅವರೂ ಹೋದರು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಮ್ಮಲ್ಲಿ ಮಾವ ಅಳಿಯನ ಜಗಳದಲ್ಲಿ ನಾನು ಬಡವಾದೆ. ಇಬ್ಬರೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು. ಶ್ರಾವಣದಲ್ಲಿ ಪಂಚಮಿ ಬಂತು. ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯಲು ಅಣ್ಣನೋ ತಮ್ಮನೋ ಬರಬೇಕು. ನನಗೆ ಅಣ್ಣತಮ್ಮಂದಿರಿಲ್ಲ, ಅಪ್ಪನೇ ಬರಬೇಕಿತ್ತು. ಬರಲಿಲ್ಲ. ಅಳಿಯ ತಲೆಗೆ ಸುತ್ತಿಕೊಂಡು ಬಂದು ತಾನೇ ಬಿಟ್ಟು ಹೋಗಲಿ ಎಂದು ಕೂತ. ಓಣಿಯ ಹೆಂಗಸರೆಲ್ಲ ಹೊಸ ಸೀರೆಯುಟ್ಟು ಒಬ್ಬೊಬ್ಬರಾಗಿ ಹೊರಟುಹೋದರು. ಸಂತೆಗೆ ಬಂದ ಊರಿನವರ ಕೈಯಲ್ಲಿ ಅವ್ವ ಜೋಳದ ಅಳ್ಳು, ಎಳ್ಳುಂಡಿ ಕಳಿಸಿದಳು. ಅದರ ಜೊತೆ ಒಂದು ಹೊಲಿದ ಕುಂಚಿಗಿಯೂ ಇತ್ತು, ಮೊಮ್ಮಗಳ ತಲೆಗೆ. ಹಳೆಯ ಬಟ್ಟೆಯನ್ನು ಪದರ ಪದರ ಇಟ್ಟು ಹೊಲಿದದ್ದು. ಅಳತೆ ತಿಳಿಯದೆ ಹೊಲಿದದ್ದರಿಂದ ಅದು ಮಗುವಿಗೆ ಸಣ್ಣದಾಯಿತು. ನಾನು ಅದನ್ನು ಹಿಡಿದುಕೊಂಡು ಬಹಳ ಅತ್ತೆ.

ಮರುವರ್ಷದ ಪಂಚಮಿಯೂ ಹಾಗೆಯೇ ಹೋಯಿತು. ಮಗಳು ನಡೆಯಲು ಕಲಿತಳು, ಮಾತು ಕಲಿತಳು. ಅವ್ವ ಅವಳನ್ನು ಕಂಡಿರಲಿಲ್ಲ.

ಮೂರನೆಯ ಪಂಚಮಿ ಹತ್ತಿರ ಬಂದಾಗ ನಾನು ಅಳುವುದನ್ನು ಬಿಟ್ಟೆ. ಒಂದು ಮುಂಜಾನೆ ಅವರು ಪಾಳಿಗೆ ಹೋಗಿದ್ದರು. ಗಿರಣಿ ಹತ್ತಿರವೇ ಇದ್ದುದರಿಂದ ನಡೆದು ಹೋಗುತ್ತಿದ್ದರು, ಸೈಕಲ್ ಗೋಡೆಗೆ ಆತುಕೊಂಡು ನಿಂತಿತ್ತು. ನಾನು ಸೀರೆಯ ಕಚ್ಚೆ ಬಿಗಿದು, ಮಗಳಿಗೆ ದಪ್ಪ ಕುಂಚಿಗಿ ಕಟ್ಟಿದೆ. ಬೀಡಿಯ ಎಲೆ ಕತ್ತರಿಸುತ್ತಿದ್ದ ಅತ್ತೆ ನನ್ನನ್ನು ನೋಡಿದರು.

"ಎಲ್ಲಿಗವಾ?"

"ತವರಿಗ್ರಿ."

"ಕರಿಯಾಕ ಯಾರ ಬಂದಾರ?"

"ಯಾರೂ ಬಂದಿಲ್ಲ. ಹೊಂಟೀನಿ."

ಅತ್ತೆ ಕತ್ತರಿ ಕೆಳಗಿಟ್ಟರು. ನಾನು ಜಗಳಕ್ಕೆ ತಯಾರಾಗಿ ನಿಂತಿದ್ದೆ. ಅವರು ಎದ್ದು ಹೋಗಿ ಟ್ರಂಕು ತೆರೆದು ನಮ್ಮ ಮಾವನವರ ರುಮಾಲು ತಂದು ನನ್ನ ಕೈಗೆ ಇಟ್ಟರು. "ಮಂದಿ ತಲಿ ಸಲವಾಗಿ ಎರಡ ವರ್ಷ ಬಡಕೊಂಡಿ. ನಿನ್ನ ತಲಿಗೇನ ಕಬ್ಬಿಣ ಬಡದಾರೇನು? ಸುತಕೊ," ಎಂದರು. ಹೆಂಗಸು ರುಮಾಲು ಸುತ್ತಿಕೊಳ್ಳುವುದನ್ನು ನಾನು ಕಂಡಿರಲಿಲ್ಲ, ಅವರೂ ಕಂಡಿರಲಿಲ್ಲ. ಆದರೆ ಅವರ ಮಾತು ಸರಿಯಾಗಿತ್ತು. ಅಪ್ಪ ಸುತ್ತುತ್ತಿದ್ದ ಹಾಗೆ, ಸೆರಗಿನ ಮೇಲೆ ಸುತ್ತಿನ ಮೇಲೆ ಸುತ್ತು ಹಾಕಿ, ತುದಿಯನ್ನು ಒಳಗೆ ಬಿಗಿಯಾಗಿ ಸಿಗಿಸಿದೆ. ಅತ್ತೆ ಮಗುವನ್ನು ಕಂಬಳಿಯ ಜೋಳಿಗೆ ಮಾಡಿ ನನ್ನ ಬೆನ್ನಿಗೆ ಕಟ್ಟಿದರು.

ಕೂಸನ್ನು ಕಟ್ಟಿಕೊಂಡು ಸೈಕಲ್ಲೇ ಎಂದು ನೀವು ಈಗ ಹುಬ್ಬೇರಿಸುತ್ತೀರಿ. ಏರಿಸಿ. ನಾನು ನಿಧಾನ ಹೋದೆ, ಇಳಿಜಾರು ಬಂದಲ್ಲೆಲ್ಲ ಇಳಿದು ತಳ್ಳಿದೆ. ಎತ್ತಿನ ಗಾಡಿಗಳು ನನ್ನನ್ನು ದಾಟಿ ಹೋದವು. ಸರ್ವಿಸ್ ಮೋಟಾರಿನಲ್ಲಿ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಒಂಟಿ ಹೆಂಗಸು ಮೋಟಾರು ಹತ್ತಿದರೂ ನಾಲ್ಕು ಮಾತು, ಸೈಕಲ್ ಹತ್ತಿದರೂ ನಾಲ್ಕು ಮಾತು. ಸೈಕಲ್ಲಿನ ಮೇಲಾದರೆ ಆಡಿದವರು ಹಿಂದೆ ಉಳಿಯುತ್ತಾರೆ.

ಆಡಿದರು. ಜೋಳದ ಚೀಲದ ಗಾಡಿಯವನೊಬ್ಬ ದೂರದಿಂದ ನನ್ನನ್ನು ಗಂಡಸೆಂದೇ ತಿಳಿದು, "ಬೆನ್ನಮ್ಯಾಲೆ ಏನ ಕುರಿಮರಿ ಏನ್ರಿ ಗೌಡ್ರ?" ಎಂದು ಕೂಗಿದ. ಹತ್ತಿರ ಬಂದು ಮೂಗುತಿ ನೋಡಿದವನೇ "ಅರೇ, ಬಾಈ ಆಹೇ!" ಎಂದು ಮರಾಠಿಯಲ್ಲಿ ಉದ್ಗಾರ ತೆಗೆದು ಎತ್ತಿನ ಹಗ್ಗ ಕೈಬಿಟ್ಟ. ದಾರಿಯಲ್ಲಿ ಬಿದ್ದೆ, ರುಮಾಲು ನನ್ನ ತಲೆ ಉಳಿಸಿತು ಎಂದು ಹೇಳಿದರೆ ನನ್ನ ವಾದಕ್ಕೆ ಬಲ ಬರುತ್ತಿತ್ತು. ಆದರೆ ನಾನು ಬೀಳಲಿಲ್ಲ. ಬೀಳದವನಿಗೂ ರುಮಾಲು ಬೇಕು, ಬೀಳುವ ದಿನ ಹೇಳಿ ಬರುವುದಿಲ್ಲ.

ಹಳ್ಳ ದಾಟಿ ಓಣಿಗೆ ತಿರುಗಿದಾಗ ಅಪ್ಪ ಕಟ್ಟೆಯ ಮೇಲೆ ಕೂತು ತಕಲಿಯಲ್ಲಿ ಉಣ್ಣೆ ನೂಲುತ್ತಿದ್ದ. ಅವನ ಕಣ್ಣು ಆಗಲೇ ಮಂಜಾಗಿತ್ತು. ಮೊದಲು ಕಂಡದ್ದು ಸೈಕಲ್, ಆಮೇಲೆ ರುಮಾಲು. ಅವನು ಎದ್ದು ನಿಂತ. ಅವನ ಮುಖದ ಮೇಲೆ ಅಂಥ ಸಂತೋಷವನ್ನು ನಾನು ಬಹಳ ಕಾಲದಿಂದ ಕಂಡಿರಲಿಲ್ಲ.

"ನೀರ ತರ್ರಿ! ಅಳಿಯಾ ಬಂದಾನ! ರುಮಾಲ ಸುತಕೊಂಡ ಬಂದಾನ!" ಎಂದು ಒಳಗೆ ಕೂಗಿದ.

ನಾನು ಸೈಕಲ್ ಇಳಿದು ಅವನ ಮುಂದೆ ನಿಂತೆ. ಅವನ ಮುಖ ಬದಲಾಯಿತು. ಅವ್ವ ನೀರಿನ ತಂಬಿಗೆ ಹಿಡಿದು ಹೊಸ್ತಿಲಲ್ಲೇ ನಿಂತುಬಿಟ್ಟಳು. ಅಕ್ಕಪಕ್ಕದವರು ಬಾಗಿಲಿಗೆ ಬಂದರು.

"ತಗಿ ಅದನ್ನ," ಎಂದ ಅಪ್ಪ.

"ಯಾಕ?"

"ಹೆಂಗಸು ರುಮಾಲ ಸುತ್ತಿಕೊಂಡ್ರ ಆ ಮನ್ಯಾಗ ಗಂಡಸರ ಇಲ್ಲಂತ ಅರ್ಥ. ತಗದು ಒಳಗ ಬಾ."

ನಾನು ದನಿ ಏರಿಸಲಿಲ್ಲ. ಏರಿಸಿದ್ದರೆ ಅತ್ತುಬಿಡುತ್ತಿದ್ದೆ.

"ಗಂಡಸರು ಇಬ್ಬರದಾರಪ್ಪಾ," ಎಂದೆ. "ಇಬ್ಬರಿದ್ದೂ ಎರಡ ವರ್ಷ ನನಗ ಪಂಚಮಿ ಇಲ್ಲ. ಬರೇ ತಲಿಲೆ ಬಂದವರನ್ನ ಹೊಳ್ಳಿ ಕಳಿಸಿದಿ. ನಾ ತಲಿ ಸುತಕೊಂಡ ಬಂದೀನಿ, ನನಗೂ ಹೊಸ್ತಿಲಾ ಇಲ್ಲಂತಿ. ಈ ಮನಿಗೆ ಎಂಥಾ ತಲಿ ತರಬೇಕು? ಒಮ್ಮ್ಯಾರೆ ಹೇಳಿಬಿಡು."

ಅಪ್ಪನ ಕೈಯಿಂದ ನೂಲು ಕಡಿದು ತಕಲಿ ಕೆಳಗೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ. ಅವನು ಕರೆಯಲಿ ಎಂದು ನಾನು ಕಾಯಲಿಲ್ಲ. ಅದು ನಾನು ಹುಟ್ಟಿದ ಮನೆ. ರುಮಾಲು ಸುತ್ತಿಕೊಂಡೇ ಹೊಸ್ತಿಲು ದಾಟಿ, ಒಲೆಯ ಮುಂದೆ ಕೂತು, ಬೆನ್ನಿನಿಂದ ಮಗಳನ್ನು ಬಿಚ್ಚಿ ಅವ್ವನ ಮಡಿಲಿಗೆ ಹಾಕಿದೆ. ಅವ್ವ ಮಗುವಿನ ತಲೆಯನ್ನು ಮುಟ್ಟಿ ಮುಟ್ಟಿ ನೋಡಿದಳು. "ಇಷ್ಟ ದೊಡ್ಡದಾಗ್ಯದ ನೋಡು, ನಾ ಇಷ್ಟಽ ಹೊಲಿದಿದ್ದೆ," ಎಂದು ಅಳುತ್ತ ನಕ್ಕಳು.

ಹಬ್ಬದ ಮೂರು ದಿನ ನಾನು ಜೋಕಾಲಿ ಆಡಿದೆ, ಉಂಡಿ ತಿಂದೆ. ಅಪ್ಪ ನನ್ನ ಜೊತೆ ಮಾತಾಡಲಿಲ್ಲ. ಆದರೆ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕುರಿ ತೋರಿಸಲು ಹೋಗುತ್ತಿದ್ದ. ಅವಳು ಅವನ ರುಮಾಲನ್ನು ಎಳೆದೆಳೆದು ಸಡಿಲ ಮಾಡಿದರೂ ಅವನು ಬೈಯಲಿಲ್ಲ.

ನಾಲ್ಕನೆಯ ದಿನ ನನ್ನ ಗಂಡ ಬಂದರು. ಮೋಟಾರಿನಿಂದ ಇಳಿದು, ರಸ್ತೆಯಿಂದ ನಡೆದು ಬಂದು, ಓಣಿಯಲ್ಲಿ ನಿಂತರು. ತಲೆ ಬರಿದೇ ಇತ್ತು. ಅಪ್ಪ ಕಟ್ಟೆಯ ಮೇಲಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಈ ಇಬ್ಬರ ಮಧ್ಯೆ ಇನ್ನೂ ಎರಡು ವರ್ಷ ಕಳೆಯಲು ನಾನು ತಯಾರಿರಲಿಲ್ಲ.

"ನಿಮ್ಮ ಸೈಕಲ್ ಒಳಗದ," ಎಂದೆ ಬಾಗಿಲಿನಿಂದ. "ಬೇಕಂದ್ರ ಬಂದು ತಗೊಳ್ರಿ."

ಅವರು ಅಪ್ಪನ ಕಡೆ ನೋಡಿದರು. ಅಪ್ಪ ಕೂತಲ್ಲೇ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ತಾನು ನೋಡದಿದ್ದರೆ ಯಾರೂ ಬರಿದಲೆಯಲ್ಲಿ ಬಂದ ಹಾಗಾಗುವುದಿಲ್ಲವಲ್ಲ. ಅವರು ಹೊಸ್ತಿಲು ದಾಟಿ ಒಳಗೆ ಬಂದರು. ಅವ್ವ ತಾಟು ಇಟ್ಟಳು. ಊಟ ಮುಗಿಯುವವರೆಗೂ ಅಪ್ಪ ಗೋಡೆಯನ್ನೇ ನೋಡುತ್ತಿದ್ದ.

ಹೊರಡುವಾಗ ಅವರು ಸೈಕಲ್ ಹೊರಗೆ ತಂದು ಹತ್ತಲು ಹೋದರು. ನಾನು ಹ್ಯಾಂಡಲ್ ಹಿಡಿದೆ. ನನ್ನ ಬಗಲಲ್ಲಿ ಇದ್ದ ರುಮಾಲನ್ನು ಅವರ ಮುಂದೆ ಹಿಡಿದೆ. ಅವರು ತಲೆ ಅಲ್ಲಾಡಿಸಿದರು.

"ಆತು," ಎಂದೆ. "ತಲಿ ಸುತ್ತಿದವರು ಸೈಕಲ್ ಹತ್ತಲಿ. ಬರೇ ತಲಿಯವರು ನಡೀಲಿ."

ರುಮಾಲನ್ನು ನಾನೇ ಸುತ್ತಿಕೊಂಡು, ಮಗಳನ್ನು ಅವರ ಕೈಗೆ ಕೊಟ್ಟು, ಊರೆಲ್ಲ ನೋಡುತ್ತಿರಲು ಸೈಕಲ್ ಹತ್ತಿದೆ. ಹಿಂದೆ ಅಪ್ಪ ಕೆಮ್ಮಿದನೋ ನಕ್ಕನೋ ನನಗೆ ತಿಳಿಯಲಿಲ್ಲ, ತಿರುಗಿ ನೋಡಲೂ ಇಲ್ಲ. ಅವರು ಮಗುವನ್ನು ಎತ್ತಿಕೊಂಡು ಪಕ್ಕದಲ್ಲಿ ದಾಪುಗಾಲು ಹಾಕಿದರು. ಹಳ್ಳ ಬಂತು, ರಸ್ತೆ ಬಂತು, ಬಿಸಿಲು ಏರಿತು. ಅವರು ರುಮಾಲು ಕೇಳಲಿಲ್ಲ. ನಾನೂ ಸೈಕಲ್ ಇಳಿಯಲಿಲ್ಲ.